ಹೈಬ್ರಿಡ್ ಕಾರಿನ ಆಯಿಲಿಗೆ ಬೈಪಾಸ್ ಫಿಲ್ಟರ್ ಏಕೆ ಬೇಡ

ಸಂಪಾದಕರಿಗೆ,

ಮಾನ್ಯರೇ,

ಹೈಬ್ರಿಡ್ ಕಾರುಗಳು ಹೆಚ್ಚುತ್ತಿದ್ದಂತೆ ಅವುಗಳ ಮಾಲೀಕರ ಕಿವಿಗೆ ಒಂದು ಮಾತು ಬೀಳತೊಡಗಿದೆ. ಕಂಪನಿ ಕೊಟ್ಟ ಆಯಿಲ್ ಫಿಲ್ಟರ್ ಜೊತೆಗೆ ಆಯಿಲಿನ ಒಂದು ಪಾಲನ್ನು ಪಕ್ಕದ ದಾರಿಯಲ್ಲಿ ಇನ್ನಷ್ಟು ನುಣ್ಣಗೆ ಸೋಸುವ ಬೈಪಾಸ್ ಫಿಲ್ಟರ್ ಕೂರಿಸಿದರೆ ಎಂಜಿನ್ ಆಯಿಲ್ 2 ಮೈಕ್ರಾನ್‌ವರೆಗೆ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು) ಶುದ್ಧವಾಗುತ್ತದೆ, ವರ್ಷಗಟ್ಟಲೆ ಆಯಿಲ್ ಬದಲಿಸುವ ಗೋಜಿರುವುದಿಲ್ಲ, ಎಂಜಿನ್ ಆಯುಸ್ಸು ಎರಡು ಪಟ್ಟಾಗುತ್ತದೆ ಎಂಬ ಮಾತು. ಬೈಪಾಸ್ ಫಿಲ್ಟರ್ ತನ್ನ ಜಾಗದಲ್ಲಿ ಒಳ್ಳೆಯ ಸಾಧನವೇ. ಆದರೆ ಪೆಟ್ರೋಲ್ ಹೈಬ್ರಿಡ್ ಕಾರಿನಲ್ಲಿ ಆಯಿಲ್ ಕೆಡುವ ಕಾರಣ ಒಂದು, ಈ ಫಿಲ್ಟರ್ ತಡೆಯುವುದು ಇನ್ನೊಂದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗಬಾರದೆಂದು ಈ ಪತ್ರ.

ಎಂಜಿನ್ ನಿಲ್ಲಿಸಿ ಬರೀ ಬ್ಯಾಟರಿಯಲ್ಲೂ ಓಡಬಲ್ಲ ಸ್ಟ್ರಾಂಗ್ ಹೈಬ್ರಿಡ್‌ಗಳ ಬಗ್ಗೆ ಮಾತ್ರ ಇಲ್ಲಿ ಹೇಳುತ್ತಿದ್ದೇನೆ. 2022ರಲ್ಲಿ ಪರಿಚಯವಾಗಿ, ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಯಿಂದಲೇ ಹೊರಬಂದ ಇನ್ನೋವಾ ಹೈಕ್ರಾಸ್, ಹೈರೈಡರ್, ಗ್ರ್ಯಾಂಡ್ ವಿಟಾರಾಗಳ ಹೈಬ್ರಿಡ್ ಮಾದರಿಗಳು, ಅದೇ ವರ್ಷ ಬಂದ ಹೋಂಡಾ ಸಿಟಿ ಹೈಬ್ರಿಡ್, ಅದಕ್ಕೂ ಮೊದಲಿನ ಕ್ಯಾಮ್ರಿ, ಪ್ರಿಯಸ್ ಎಲ್ಲವೂ ಇದರಲ್ಲಿ ಸೇರುತ್ತವೆ. ಸಣ್ಣ ಬ್ಯಾಟರಿಯ ಮೈಲ್ಡ್ ಹೈಬ್ರಿಡ್‌ನಲ್ಲಿ ಕಾರು ಓಡುವಷ್ಟು ಹೊತ್ತೂ ಎಂಜಿನ್ ಓಡುತ್ತಲೇ ಇರುತ್ತದೆ. ಅದರ ಆಯಿಲಿನ ಕಥೆ ಮಾಮೂಲಿ ಪೆಟ್ರೋಲ್ ಕಾರಿನದ್ದೇ.

ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಬೆಳಿಗ್ಗೆ ಏನಾಗುತ್ತದೆ ನೋಡಿ. ಕಾರು ಹೊರಟ ಕೂಡಲೇ ಎಂಜಿನ್ ಚಾಲೂ ಆಗುತ್ತದೆ, ಮುಖ್ಯವಾಗಿ ಸೈಲೆನ್ಸರ್ ದಾರಿಯಲ್ಲಿರುವ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿ ಮಾಡಲು. ಆಗ ಎಂಜಿನ್ ತಣ್ಣಗಿರುವುದರಿಂದ ಪೆಟ್ರೋಲ್ ಸ್ವಲ್ಪ ಹೆಚ್ಚಾಗಿಯೇ ಹೋಗುತ್ತದೆ. ತಣ್ಣನೆಯ ಸಿಲಿಂಡರ್ ಗೋಡೆಗೆ ಅಂಟಿದ ಪೆಟ್ರೋಲ್ ಆವಿಯಾಗದೆ, ಪಿಸ್ಟನ್ ರಿಂಗ್‌ಗಳ ಸಂದಿನಿಂದ, ಎಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರಿಗೆ ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ಎಂಜಿನ್ ನಿಂತು, ಸಿಗ್ನಲ್‌ನಿಂದ ಸಿಗ್ನಲ್‌ಗೆ ಕಾರು ಬ್ಯಾಟರಿಯಲ್ಲಿ ಸಾಗುತ್ತದೆ. ಮತ್ತೆ ಚಾಲೂ, ಮತ್ತೆ ಬಂದ್. ಮಲ್ಲೇಶ್ವರದಿಂದ ರಾಜಾಜಿನಗರಕ್ಕೆ ಮಗುವನ್ನು ಶಾಲೆಗೆ ಬಿಟ್ಟು ವಾಪಸು ಬರುವ ಕಾರಿನ ಎಂಜಿನ್ ಒಟ್ಟು ಓಡುವುದು ಕೆಲವೇ ನಿಮಿಷ. ಅಷ್ಟರಲ್ಲಿ ಎಂಜಿನ್ ತಂಪಾಗಿಡುವ ಕೂಲೆಂಟ್ ಬಿಸಿಯಾಗಿರಬಹುದು, ಆಯಿಲ್ ಆಗಿರುವುದಿಲ್ಲ. ಆಯಿಲ್ ಬಿಸಿಯೇರುವುದು ಯಾವಾಗಲೂ ಕೂಲೆಂಟಿಗಿಂತ ತಡವಾಗಿ.

ಇದರ ಜೊತೆಗೆ ನೀರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರ್‌ನಿಂದ ಹೊರಗೆ ಹೋದರೂ ರಿಂಗ್‌ಗಳನ್ನು ದಾಟಿ ಬಂದ ಪಾಲು ತಣ್ಣನೆಯ ಚೇಂಬರಿನಲ್ಲಿ ಹನಿಗಟ್ಟುತ್ತದೆ. ಮಳೆಗಾಲದಲ್ಲಿ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಒಳಮೈ ನೋಡಿದರೆ ಕೆಲವು ಕಾರುಗಳಲ್ಲಿ ಮಜ್ಜಿಗೆ ಕಡೆದಾಗ ಬರುವ ನೊರೆಬೆಣ್ಣೆಯಂಥ ನಸುಹಳದಿ ಲೇಪ ಕಾಣುತ್ತದೆಯಲ್ಲ, ಅದು ಇದೇ ನೀರು ಆಯಿಲ್ ಜೊತೆ ಕದಡಿದ್ದು. ಕಂಡ ಕೂಡಲೇ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲು) ಹೋಯಿತೆಂದು ಗಾಬರಿ ಬೇಡ. ಒರೆಸಿ, ಒಂದು ಗಂಟೆ ಹೆದ್ದಾರಿಯಲ್ಲಿ ಓಡಿಸಿ, ಮತ್ತೆ ನೋಡಿ. ಮರಳಿ ಬರದಿದ್ದರೆ ಅದು ಬರೀ ಥಂಡಿ ಓಡಾಟದ ನೀರು. ಮತ್ತೆ ಬಂದು, ಜೊತೆಗೆ ಕೂಲೆಂಟ್ ಮಟ್ಟವೂ ಇಳಿಯುತ್ತಿದ್ದರೆ ಆಗ ಮಾತ್ರ ಗ್ಯಾಸ್ಕೆಟ್ ಅನುಮಾನ.

ಇನ್ನು ಬೈಪಾಸ್ ಫಿಲ್ಟರ್ ವಿಚಾರ. ಎಂಜಿನ್‌ನ ಮಾಮೂಲಿ ಫಿಲ್ಟರ್ ಮೂಲಕ ಬೇರಿಂಗ್‌ಗಳಿಗೆ ಹೋಗುವ ಎಲ್ಲ ಆಯಿಲ್ ಹಾದುಹೋಗಬೇಕು. ಅದನ್ನು ತೀರಾ ಸಣ್ಣ ಕಣ್ಣಿನದ್ದು ಮಾಡಿದರೆ ತಣ್ಣನೆಯ ಆಯಿಲ್ ಹರಿಯದೆ ಬೇರಿಂಗ್ ಒಣಗುತ್ತದೆ. ಹಾಗಾಗಿ ಅದು ಸಾಮಾನ್ಯವಾಗಿ 20ರಿಂದ 40 ಮೈಕ್ರಾನ್ ದಾಟಿದ ಕಣಗಳನ್ನಷ್ಟೇ ಚೆನ್ನಾಗಿ ಹಿಡಿಯುತ್ತದೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಬೈಪಾಸ್ ಫಿಲ್ಟರ್ ಮುಖ್ಯ ದಾರಿಯಲ್ಲಿ ಇರುವುದಿಲ್ಲ. ಒತ್ತಡದ ಜಾಗದಿಂದ ಒಂದೂವರೆ ಮಿ.ಮೀ. ತೂತಿನ ಮೂಲಕ ಸ್ವಲ್ಪವೇ ಆಯಿಲ್ ಕದ್ದು, ಒತ್ತಾದ ಸೆಲ್ಯುಲೋಸ್ ಅಥವಾ ಕೃತಕ ನಾರಿನಲ್ಲಿ ನಿಧಾನವಾಗಿ ಸೋಸಿ, ನೇರ ಚೇಂಬರಿಗೆ ವಾಪಸು ಬಿಡುತ್ತದೆ. 1920ರ ದಶಕದಲ್ಲಿ ಕಾರುಗಳಿಗೆ ಆಯಿಲ್ ಫಿಲ್ಟರ್ ಮೊದಲು ಬಂದದ್ದೇ ಈ ರೀತಿಯಲ್ಲಿ. ಇಂದಿಗೂ ವೋಲ್ವೊ ಲಾರಿಗಳ 13 ಲೀಟರ್ ಡೀಸೆಲ್ ಎಂಜಿನ್‌ನಲ್ಲಿ ಎರಡು ಮಾಮೂಲಿ ಫಿಲ್ಟರ್ ಜೊತೆ ಒಂದು ಬೈಪಾಸ್ ಫಿಲ್ಟರನ್ನು ಕಾರ್ಖಾನೆಯವರೇ ಕೊಟ್ಟಿರುತ್ತಾರೆ. ಡೀಸೆಲ್ ಎಂಜಿನ್ ಮಸಿ ಮಾಡುತ್ತದೆ, ದಿನಕ್ಕೆ ಹತ್ತಾರು ಗಂಟೆ ಬಿಸಿಯಾಗಿ ಓಡುತ್ತದೆ, ಚೇಂಬರಿನಲ್ಲಿ ಹತ್ತಾರು ಲೀಟರ್ ಆಯಿಲ್ ಇರುತ್ತದೆ. ಅಲ್ಲಿ ಆ ಫಿಲ್ಟರ್ ದುಡಿದು ತನ್ನ ಖರ್ಚು ತೀರಿಸುತ್ತದೆ.

ಜಾಹೀರಾತುಗಳಲ್ಲಿ ಒಂದು ಅಂಕಿ ಪದೇ ಪದೇ ಬರುತ್ತದೆ. 40 ಮೈಕ್ರಾನ್ ಫಿಲ್ಟರ್‌ಗೆ ಹೋಲಿಸಿದರೆ 30 ಮೈಕ್ರಾನ್ ಫಿಲ್ಟರ್ ಎಂಜಿನ್ ಸವೆತವನ್ನು ಶೇ 50ರಷ್ಟು, 15 ಮೈಕ್ರಾನ್ ಫಿಲ್ಟರ್ ಶೇ 70ರಷ್ಟು ತಗ್ಗಿಸಿತು ಎಂಬುದು. ಅಂಕಿ ಸುಳ್ಳಲ್ಲ, 1988ರಲ್ಲಿ ಜನರಲ್ ಮೋಟಾರ್ಸ್ ಕಡೆಯವರು ಪ್ರಕಟಿಸಿದ ಪ್ರಬಂಧದ್ದು. ಆದರೆ ಆ ಪರೀಕ್ಷೆಯಲ್ಲಿ ಸವೆತ ಬೇಗ ಕಾಣಲೆಂದು ಆಯಿಲಿಗೆ ಬೇಕೆಂದೇ ಧೂಳು ಸೇರಿಸಿದ್ದರು. ಏರ್ ಫಿಲ್ಟರ್ ಸರಿಯಿರುವ ಕಾರಿನ ಆಯಿಲಿಗೆ ಅಷ್ಟು ಧೂಳು ಬರುವುದಿಲ್ಲ. ಆ ಅಂಕಿಯನ್ನು ಹಾಗೇ ತಂದು ಹೈಬ್ರಿಡ್ ಕಾರಿನ ಮೇಲೆ ಅಂಟಿಸುವುದು ನ್ಯಾಯವಲ್ಲ.

ಎಂಜಿನ್ ಅರ್ಧ ಹೊತ್ತು ನಿಂತೇ ಇರುತ್ತದೆ, ಹಾಗಾದರೆ ಫಿಲ್ಟರ್ ಮೂಲಕ ಆಯಿಲ್ ಸಾಕಷ್ಟು ಹರಿಯುವುದಿಲ್ಲ ಎಂದು ಕೆಲವರು ವಾದಿಸುತ್ತಾರೆ. ಅದು ಸರಿಯಲ್ಲ. ನಿಮಿಷಕ್ಕೆ ಒಂದು ಲೀಟರ್ ಹರಿದರೂ ನಾಲ್ಕು ಲೀಟರ್ ಆಯಿಲ್ ಗಂಟೆಯಲ್ಲಿ ಹಲವು ಸುತ್ತು ಸೋಸಿಹೋಗುತ್ತದೆ. ನಿಜವಾದ ತಕರಾರು ಬೇರೆ. ಪೆಟ್ರೋಲ್ ಆಯಿಲಿನಲ್ಲಿ ಕರಗಿಹೋಗಿರುತ್ತದೆ. ಹಾಲಿಗೆ ಬೆರೆಸಿದ ನೀರನ್ನು ಬಟ್ಟೆಯಲ್ಲಿ ಸೋಸಿ ತೆಗೆಯಲು ಆಗುತ್ತದೆಯೇ? ಹಾಗೆಯೇ ಇದೂ. ಸೆಲ್ಯುಲೋಸ್ ಫಿಲ್ಟರ್ ಒಂದಿಷ್ಟು ನೀರನ್ನು ಹೀರಬಲ್ಲದು, ಪೆಟ್ರೋಲನ್ನು ಯಾವ ಫಿಲ್ಟರೂ ಹೀರುವುದಿಲ್ಲ. ಖರ್ಚಾದ ಆಮ್ಲನಿವಾರಕ ರಾಸಾಯನಿಕಗಳನ್ನು ವಾಪಸು ತಂದುಕೊಡುವುದೂ ಇಲ್ಲ.

ಅಷ್ಟೇ ಆಗಿದ್ದರೆ ದುಡ್ಡು ದಂಡ ಎಂದು ಬಿಡಬಹುದಿತ್ತು. ಹೈಬ್ರಿಡ್‌ನಲ್ಲಿ ಅದು ತೊಂದರೆಯನ್ನು ಹೆಚ್ಚಿಸುವ ಸಂಭವವೇ ಇದೆ. ಬೈಪಾಸ್ ಫಿಲ್ಟರ್ ಡಬ್ಬಿ, ಅದರ ಪೈಪುಗಳು ಸೇರಿ ಅರ್ಧದಿಂದ ಒಂದು ಲೀಟರ್ ಹೆಚ್ಚು ಆಯಿಲ್ ಹಿಡಿಯುತ್ತವೆ. ಆ ಆಯಿಲ್ ಬಾನೆಟ್ ಒಳಗೆ ಗಾಳಿಗೆ ಒಡ್ಡಿಕೊಂಡು ತಿರುಗುತ್ತದೆ, ಅಂದರೆ ಅದೊಂದು ಪುಟ್ಟ ಆಯಿಲ್ ಕೂಲರ್. ಲಾರಿಗೆ ಅದು ಅನುಕೂಲ. ಮೊದಲೇ ಬಿಸಿಯೇರದೆ ಒದ್ದಾಡುವ ಹೈಬ್ರಿಡ್ ಆಯಿಲಿಗೆ ಅದೇ ಕೆಡುಕು. ಬಿಸಿಯೇರುವುದು ಇನ್ನೂ ತಡವಾದಷ್ಟೂ ನೀರು, ಪೆಟ್ರೋಲ್ ಆವಿಯಾಗಿ ಹೋಗುವುದು ತಡವಾಗುತ್ತದೆ.

ದೀರ್ಘಕಾಲ ಆಯಿಲ್ ಬದಲಿಸದೆ ಓಡಿಸಿದವರ ಅನುಭವ ಸುಳ್ಳೇ ಎಂದು ಯಾರಾದರೂ ಕೇಳಬಹುದು. ಸುಳ್ಳಲ್ಲ, ಅದರ ಗುಟ್ಟು ಬೇರೆ ಕಡೆ ಇದೆ. ಬೈಪಾಸ್ ಫಿಲ್ಟರ್ ಬದಲಿಸಿದಾಗಲೆಲ್ಲ ಹಳೆಯ ಫಿಲ್ಟರ್ ಜೊತೆ ಅರ್ಧ, ಮುಕ್ಕಾಲು ಲೀಟರ್ ಹಳೆಯ ಆಯಿಲ್ ಹೊರಹೋಗಿ ಅಷ್ಟೇ ಹೊಸದು ಒಳಬರುತ್ತದೆ. ನಾಲ್ಕು ಲೀಟರಿನ ಎಂಜಿನ್‌ನಲ್ಲಿ ಇದು ಆರನೆಯ ಒಂದು ಪಾಲಿಗೂ ಹತ್ತಿರ. ಆಯಿಲಿನ ಜೀವ ಉಳಿಸಿದ್ದರಲ್ಲಿ ಆ ಹೊಸ ಆಯಿಲಿನ ಪಾಲು ದೊಡ್ಡದು.

ಇಷ್ಟಾದರೂ ಹಾಕಿಸಿಯೇ ತೀರುತ್ತೇನೆ ಎನ್ನುವವರು, ವಿಶೇಷವಾಗಿ ಅಮೆರಿಕದಲ್ಲಿ ಹಳೆಯ ಪ್ರಿಯಸ್ ಇಟ್ಟುಕೊಂಡು ಕೈಯಾರೆ ಕೆಲಸ ಮಾಡುವ ನಮ್ಮವರು, ಕೆಲವು ಅಪಾಯಗಳನ್ನು ಗಮನಿಸಬೇಕು. ಆಯಿಲ್ ತೆಗೆಯುವುದು ಸಾಮಾನ್ಯವಾಗಿ ಆಯಿಲ್ ಪ್ರೆಷರ್ ಸ್ವಿಚ್ ಕೂರುವ ತೂತಿನಿಂದ, ಟಿ ಜೋಡಣೆ ಹಾಕಿ. ಜಪಾನಿ ಎಂಜಿನ್‌ಗಳಲ್ಲಿ ಆ ತೂತಿನ ಮರೆ (ತಿರುಪಿನ ಸುತ್ತುಗೆರೆ) ಎಂಟನೇ ಒಂದು ಇಂಚಿನ ಬ್ರಿಟಿಷ್ ಟೇಪರ್, ಇಂಚಿಗೆ 28 ಸುತ್ತು. ಅಮೆರಿಕದ ಕಿಟ್‌ಗಳಲ್ಲಿ ಬರುವುದು ಎನ್‌ಪಿಟಿ, ಇಂಚಿಗೆ 27 ಸುತ್ತು, ಮರೆಯ ಕೋನವೂ ಬೇರೆ. ಕೈಯಲ್ಲಿ ಹಿಡಿದರೆ ಎರಡೂ ಒಂದೇ ಥರ. ಮೊದಲ ಎರಡು ಮೂರು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯುತ್ತದೆ. ಸ್ಪಾನರ್ ಹಾಕಿ ಜಗ್ಗಿದರೆ ಅಲ್ಯೂಮಿನಿಯಂ ಬ್ಲಾಕ್‌ನ ಮರೆ ಕಿತ್ತುಬರುತ್ತದೆ, ಇಲ್ಲವೇ ಬಿರುಕು ಬಿಡುತ್ತದೆ. ಹಿತ್ತಾಳೆಯ ಟಿ ಮತ್ತು ಅದಕ್ಕೆ ಕಚ್ಚಿಸಿದ ಸ್ವಿಚ್‌ನ ಭಾರವನ್ನು ಬ್ಲಾಕ್ ಮೇಲೆಯೇ ನೇತುಹಾಕಲೂಬಾರದು. ಎಂಜಿನ್ ನಡುಕಕ್ಕೆ ಕುತ್ತಿಗೆಯಲ್ಲಿ ತುಂಡಾಗುತ್ತದೆ. ಬ್ಲಾಕ್‌ನಿಂದ ಚಿಕ್ಕ ಹೆಣಿಗೆ (ಬ್ರೇಡೆಡ್) ಪೈಪ್ ತಂದು, ಟಿಯನ್ನು ಬ್ರಾಕೆಟ್ ಮೇಲೆ ಕೂರಿಸಬೇಕು.

ಆ ತೂತಿನಿಂದ ಹೊರಡುವ ಪೈಪ್ ತುಂಡಾದರೆ ಕೆಲವೇ ನಿಮಿಷದಲ್ಲಿ ಚೇಂಬರ್ ಖಾಲಿ. ಸೈಲೆನ್ಸರ್ ಕೊಳವೆಯ ಮೇಲೆ ಬಿದ್ದರೆ ಬೆಂಕಿ. ಆದ್ದರಿಂದ ಆಯಿಲ್ ಮತ್ತು ಶಾಖ ತಡೆಯುವ ಹೆಣಿಗೆ ಪೈಪನ್ನೇ ಬಳಸಿ, ಒಂದೊಂದು ಗೇಣಿಗೆ ಕ್ಲಾಂಪ್ ಹಾಕಿ, ಕಿತ್ತಳೆ ಬಣ್ಣದ ಹೈವೋಲ್ಟೇಜ್ ತಂತಿಗಳಿಂದ ದೂರ ಒಯ್ಯಬೇಕು. ಫಿಲ್ಟರ್ ಕೂರುವ ಜಾಗ ಎಂಜಿನ್‌ಗಿಂತ ಮೇಲಿದ್ದರೆ ಎಂಜಿನ್ ನಿಂತಾಗಲೆಲ್ಲ ಅದರ ಆಯಿಲ್ ಚೇಂಬರಿಗೆ ಇಳಿದು ಗಾಳಿ ತುಂಬುತ್ತದೆ. ಮಾಮೂಲಿ ಕಾರಿನಲ್ಲಿ ಇದು ದಿನಕ್ಕೆ ಎರಡು ಸಲ. ಹೈಬ್ರಿಡ್‌ನಲ್ಲಿ ಒಂದೇ ಪ್ರಯಾಣದಲ್ಲಿ ಹತ್ತಾರು ಸಲ, ಪ್ರತಿ ಸಲವೂ ಬೇರಿಂಗ್‌ಗೆ ಹೋಗಬೇಕಾದ ಆಯಿಲಿನಲ್ಲಿ ಒಂದು ಪಾಲು ಫಿಲ್ಟರ್ ತುಂಬಿಸಲು ಹೋಗುತ್ತದೆ. ಹಿಂದಕ್ಕೆ ಇಳಿಯದಂತೆ ಚೆಕ್ ವಾಲ್ವ್ ಕಡ್ಡಾಯ. 2009ರ ನಂತರದ 1.8 ಲೀಟರ್ ಪ್ರಿಯಸ್‌ನಲ್ಲಿ ಫಿಲ್ಟರ್ ಡಬ್ಬಿಯಲ್ಲ, ಒಳಗೆ ಕೂರುವ ಕಾಗದದ ಎಲಿಮೆಂಟ್. ಆದ್ದರಿಂದ ಫಿಲ್ಟರ್ ಬುಡಕ್ಕೆ ಹಾಕುವ ಸ್ಯಾಂಡ್‌ವಿಚ್ ಪ್ಲೇಟ್ ಅದಕ್ಕೆ ಆಗದು. ನಮ್ಮಲ್ಲಿ ವಾರಂಟಿ ಇರುವ ಕಾರಿಗೆ ಇದನ್ನೆಲ್ಲ ಮಾಡಿಸಿದರೆ ಮುಂದೆ ಎಂಜಿನ್ ಕೆಟ್ಟಾಗ ಬರುವ ತಕರಾರು ಬೇರೆ.

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದು ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್. ಹೈಬ್ರಿಡ್ ಮಾಲೀಕರು ಬಾನೆಟ್ ಎತ್ತುವುದನ್ನೇ ಬಿಟ್ಟಿದ್ದಾರೆ, ಎತ್ತಿದರೂ ಆಯಿಲ್ ಇಳಿದಿಲ್ಲ ಎಂದು ನೋಡಿ ಸಮಾಧಾನಪಡುತ್ತಾರೆ. ಇಲ್ಲಿ ಭಯಪಡಬೇಕಾದ್ದು ಮಟ್ಟ ಏರಿದಾಗ. ನಾಲ್ಕು ಲೀಟರ್ ಆಯಿಲಿನಲ್ಲಿ ಶೇ 2ರಷ್ಟು ಪೆಟ್ರೋಲ್ ಎಂದರೆ 80 ಮಿ.ಲೀ., ಹೋಟೆಲಿನ ಒಂದು ಬೈಟು ಕಾಫಿ. ಅಷ್ಟನ್ನು ಎಂಜಿನ್ ಸಹಿಸಿಕೊಳ್ಳುತ್ತದೆ. ಶೇ 5 ಎಂದರೆ 200 ಮಿ.ಲೀ. ಡಿಪ್‌ಸ್ಟಿಕ್‌ನ ಎರಡು ಗುರುತುಗಳ ನಡುವೆ ಸಾಮಾನ್ಯವಾಗಿ ಒಂದು ಲೀಟರಿನ ಆಸುಪಾಸು ಇರುವುದರಿಂದ ಇದು ಆ ಅಂತರದ ಐದನೇ ಒಂದು ಭಾಗ, ಕಣ್ಣಿಗೆ ಕೆಲವೇ ಮಿ.ಮೀ. ಅಂದಾಜಿನಲ್ಲಿ ನೋಡಿದರೆ ತಿಳಿಯುವುದಿಲ್ಲ. ಆಯಿಲ್ ಬದಲಿಸಿದ ಮರುದಿನ ಬೆಳಿಗ್ಗೆ ಒಮ್ಮೆ ನೋಡಿ, ಕಡ್ಡಿಯ ಫೋಟೊ ತೆಗೆದಿಡಬೇಕು. ಆಮೇಲೆ ಹದಿನೈದು ದಿನಕ್ಕೊಮ್ಮೆ ಅದೇ ಜಾಗದಲ್ಲಿ ನಿಲ್ಲಿಸಿ, ಅದೇ ಬೆಳಗಿನ ಹೊತ್ತಿಗೆ ನೋಡಿ ಹೋಲಿಸಬೇಕು. ಇನ್ನೊಂದು ಮಾತು: 200 ಮಿ.ಲೀ. ಆಯಿಲ್ ಉರಿದುಹೋಗಿ 200 ಮಿ.ಲೀ. ಪೆಟ್ರೋಲ್ ಬಂದು ಸೇರಿದರೆ ಕಡ್ಡಿಯ ಮೇಲಿನ ಗೆರೆ ಕದಲುವುದೇ ಇಲ್ಲ. ಹಾಗಾಗಿ ಮಟ್ಟ ಏರಿದರೆ ಅಪಾಯ ಖಚಿತ, ಏರದಿದ್ದರೆ ಕ್ಷೇಮ ಖಚಿತವಲ್ಲ.

ಕಡ್ಡಿ ಎಳೆಯುವ ಮೊದಲು ಕಾರನ್ನು ಪೂರ್ತಿ ಆಫ್ ಮಾಡಿ, ಸ್ಮಾರ್ಟ್ ಕೀಯನ್ನು ಮನೆಯೊಳಗೆ ಇಟ್ಟುಬನ್ನಿ. ಡ್ಯಾಶ್‌ಬೋರ್ಡ್‌ನ ರೆಡಿ ದೀಪ ಉರಿಯುತ್ತಿದ್ದರೆ ಸದ್ದಿಲ್ಲದೆ ನಿಂತ ಎಂಜಿನ್ ಯಾವ ಕ್ಷಣದಲ್ಲಾದರೂ ತಾನಾಗಿ ತಿರುಗಬಹುದು. ಚೇಂಬರಿನ ಡ್ರೈನ್ ನಟ್ ಬಿಚ್ಚಿಟ್ಟ ಹೊತ್ತಿನಲ್ಲಿ ಹಾಗಾದರೆ ಎಂಜಿನ್ ಕಥೆ ಅಲ್ಲಿಗೆ ಮುಗಿಯಿತು. ಬೆಲ್ಟ್ ಹತ್ತಿರ ಬೆರಳಿದ್ದರೆ ಇನ್ನೂ ಕಷ್ಟ.

ಎರಡನೆಯದು ಬಿಸಿ. ವಾರಕ್ಕೊಮ್ಮೆಯಾದರೂ ಮುಕ್ಕಾಲು ಗಂಟೆ ಹೆದ್ದಾರಿಯಲ್ಲಿ 80, 90ರ ವೇಗದಲ್ಲಿ, ಎಂಜಿನ್ ನಿಜವಾಗಿ ಓಡುವಂತೆ ಕಾರು ಓಡಿಸಬೇಕು. ನೈಸ್ ರಸ್ತೆಯಲ್ಲೋ ಮೈಸೂರು ದಾರಿಯಲ್ಲೋ ಹೋಗಿಬಂದರೆ ಸಾಕು. ಮನೆ ಮುಂದೆ ನಿಲ್ಲಿಸಿ ಎಂಜಿನ್ ಗುರುಗುಟ್ಟಿಸುವುದರಿಂದ ಪ್ರಯೋಜನವಿಲ್ಲ. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಎ.ಸಿ.ಯ ಉಷ್ಣತೆಯನ್ನು ಹೀಟರ್ ಕಡೆಗೆ ತಿರುಗಿಸಿದರೆ ಟೊಯೊಟಾ ಮಾದರಿಯ ಹೈಬ್ರಿಡ್‌ಗಳಲ್ಲಿ ಬಿಸಿನೀರಿಗಾಗಿ ಎಂಜಿನ್ ಹೆಚ್ಚು ಹೊತ್ತು ಓಡುತ್ತದೆ, ಮೈಲೇಜ್ ತುಸು ಕಡಿಮೆಯಾದರೂ ಆಯಿಲ್ ಬಿಸಿಯಾಗುತ್ತದೆ. ಬಿಸಿ ಎಲ್ಲವನ್ನೂ ಗುಣಪಡಿಸುವುದಿಲ್ಲ ಎಂಬುದೂ ಗೊತ್ತಿರಲಿ. ನೀರು ಹೋಗುತ್ತದೆ. 2023ರ ಫೆಬ್ರುವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲೇ ಚಾಲನೆ ಸಿಕ್ಕ, ಶೇ 20ರಷ್ಟು ಎಥನಾಲ್ ಬೆರೆತ ಇ20 ಪೆಟ್ರೋಲಿನ ಎಥನಾಲ್ 78 ಡಿಗ್ರಿಗೆ ಕುದಿಯುವಂಥದ್ದು, ಅದೂ ಹೋಗುತ್ತದೆ. ಪೆಟ್ರೋಲಿನ ಭಾರದ ಅಂಶಗಳು ಕುದಿಯಲು 150 ಡಿಗ್ರಿ ದಾಟಬೇಕು, ಆಯಿಲ್ ಅಷ್ಟು ಬಿಸಿಯಾಗುವುದಿಲ್ಲ. ಅವು ಉಳಿಯುತ್ತವೆ, ಕೂಡುತ್ತಾ ಹೋಗುತ್ತವೆ. ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಸುಮಾರು ಎರಡೂವರೆ ಪಟ್ಟು ಶಾಖ ಬೇಡುತ್ತದೆ. ಆದ್ದರಿಂದ ಥಂಡಿ ಎಂಜಿನ್‌ನಲ್ಲಿ ಗೋಡೆಗೆ ಅಂಟುವ ಇಂಧನ ಇ20ರಲ್ಲಿ ಹೆಚ್ಚೇ.

ಆಯಿಲಿನಿಂದ ಎದ್ದ ಈ ಆವಿಗಳು ಹೊರಹೋಗುವ ಬಾಗಿಲು ಪಿಸಿವಿ ವಾಲ್ವ್. ಚೇಂಬರಿನ ಆವಿಯನ್ನು ಎಳೆದು ಮತ್ತೆ ಸಿಲಿಂಡರಿಗೆ ಕಳಿಸಿ ಉರಿಸುವ ಹೆಬ್ಬೆರಳು ಗಾತ್ರದ ಈ ಸಾಮಾನು ಕಟ್ಟಿಕೊಂಡರೆ ಎಷ್ಟು ಬಿಸಿ ಮಾಡಿದರೂ ಪೆಟ್ರೋಲ್, ನೀರು ಅಲ್ಲೇ ತಿರುಗುತ್ತಿರುತ್ತವೆ. ಬಿಚ್ಚಿ ಕಿವಿಯ ಹತ್ತಿರ ಅಲುಗಾಡಿಸಿದರೆ ಒಳಗಿನ ಗುಂಡು ಟಕಟಕ ಎನ್ನಬೇಕು. ಸದ್ದಿಲ್ಲದಿದ್ದರೆ ಹೊಸದು ಹಾಕಿ. ಬೈಪಾಸ್ ಫಿಲ್ಟರ್‌ಗೆ ಸಾವಿರಾರು ರೂಪಾಯಿ ಸುರಿಯುವವರು ಈ ಅಗ್ಗದ ವಾಲ್ವ್ ಕಡೆ ಒಮ್ಮೆಯೂ ನೋಡಿರುವುದಿಲ್ಲ ಎಂಬುದು ಬೇಸರದ ಸಂಗತಿ.

ಮೂರನೆಯದು ಆಯಿಲಿನ ಲ್ಯಾಬ್ ಪರೀಕ್ಷೆ. ಎನ್‌ಎಬಿಎಲ್ ಮಾನ್ಯತೆ ಇರುವ ಲೂಬ್ರಿಕೆಂಟ್ ಲ್ಯಾಬ್‌ಗಳು ಇದನ್ನು ಮಾಡುತ್ತವೆ. ವರ್ಷಕ್ಕೊಮ್ಮೆ, ಆಯಿಲ್ ಬದಲಿಸುವ ದಿನವೇ ಮಾಡಿಸಿದರೆ ಸಾಕು. ಸ್ಯಾಂಪಲ್ ತೆಗೆಯುವ ಕ್ರಮ ಸರಿಯಿಲ್ಲದಿದ್ದರೆ ವರದಿಗೆ ಬೆಲೆಯಿಲ್ಲ. ಅರ್ಧ ಗಂಟೆಗೂ ಹೆಚ್ಚು ಓಡಿಸಿ ಬಿಸಿ ಮಾಡಿ, ನಿಲ್ಲಿಸಿ, ಡ್ರೈನ್ ನಟ್ ಬಿಚ್ಚಿ, ಮೊದಲ ಅರ್ಧ ಲೀಟರ್ ಹರಿದುಹೋಗಲು ಬಿಟ್ಟು, ನಡುಧಾರೆಯಲ್ಲಿ 100 ಮಿ.ಲೀ. ಬಾಟಲಿಗೆ ಮುಕ್ಕಾಲು ಭಾಗ ಹಿಡಿಯಬೇಕು. ಮೊದಲ ಧಾರೆಯಲ್ಲಿ ತಳದ ಗಷ್ಟು, ನಟ್ ಸುತ್ತಲಿನ ಮಣ್ಣು ಬರುತ್ತದೆ. ನೀರಿನ ಬಾಟಲಿ, ಔಷಧಿ ಸೀಸೆ ಬೇಡ, ಲ್ಯಾಬ್ ಕೊಟ್ಟ ಒಣ ಬಾಟಲಿಯೇ ಆಗಬೇಕು. ಮುಚ್ಚಳ ಕೂಡಲೇ ಬಿಗಿಯಬೇಕು, ತೆರೆದಿಟ್ಟರೆ ಪೆಟ್ರೋಲ್ ಹಾರಿಹೋಗಿ ವರದಿ ಸುಳ್ಳಾಗುತ್ತದೆ. ಬಾಟಲಿ ಮೇಲೆ ಆಯಿಲಿನ ಹೆಸರು, ಗ್ರೇಡ್, ಆ ಆಯಿಲ್ ಓಡಿದ ಕಿಲೋಮೀಟರ್, ತಿಂಗಳು, ನಡುವೆ ಎಷ್ಟು ಟಾಪ್ ಅಪ್ ಮಾಡಿದಿರಿ ಎಂದು ಬರೆಯಿರಿ. ಅದೇ ಆಯಿಲಿನ ಹೊಸ ಡಬ್ಬಿಯಿಂದ ಇನ್ನೊಂದು ಸ್ಯಾಂಪಲ್ ಕಳಿಸಿ. ಹೋಲಿಸಲು ಬುಡ ಬೇಕಲ್ಲ.

ವರದಿ ಬಂದಾಗ ಎಲ್ಲರ ಕಣ್ಣು ಕಬ್ಬಿಣದ ಅಂಕಿಗೆ ಹೋಗುತ್ತದೆ. ಹೈಬ್ರಿಡ್‌ನಲ್ಲಿ ಮೊದಲು ನೋಡಬೇಕಾದ್ದು 100 ಡಿಗ್ರಿಯಲ್ಲಿನ ಸ್ನಿಗ್ಧತೆ, ಅಂದರೆ ಆಯಿಲ್ ಎಷ್ಟು ಗಟ್ಟಿ ಎಂಬುದು. ಈ ಕಾರುಗಳಲ್ಲಿ ಹಲವಕ್ಕೆ 0ಡಬ್ಲ್ಯು-16 ಎಂಬ ತೆಳು ಆಯಿಲ್. ಈ 16ರ ದರ್ಜೆ, ಆಯಿಲ್ ದರ್ಜೆಗಳನ್ನು ಗೊತ್ತುಮಾಡುವ ಎಸ್‌ಎಇ ಪಟ್ಟಿಗೆ ಸೇರಿದ್ದೇ 2013ರಲ್ಲಿ. ಅದರ ಸ್ನಿಗ್ಧತೆ 6.1ರಿಂದ 8.2 ಸೆಂಟಿಸ್ಟೋಕ್ಸ್ ಒಳಗಿರಬೇಕು. ಹೊಸದಾಗಿದ್ದಾಗ 7ರ ಆಸುಪಾಸು ಇದ್ದದ್ದು ಪೆಟ್ರೋಲ್ ಬೆರೆತು 6.1ಕ್ಕಿಂತ ಕೆಳಗಿಳಿದರೆ ಅದು ಆ ದರ್ಜೆಯ ಆಯಿಲ್ ಆಗಿ ಉಳಿದಿಲ್ಲ. ಆಯಿಲ್ ಮೊದಲೇ ತೆಳು, ಜಾರಲು ಅವಕಾಶ ಕಡಿಮೆ. ಇದರ ಪಕ್ಕದಲ್ಲಿ ಫ್ಲಾಶ್ ಪಾಯಿಂಟ್ (ಆಯಿಲಿನ ಆವಿ ಕಿಡಿಗೆ ಹೊತ್ತಿಕೊಳ್ಳುವ ಉಷ್ಣತೆ) ನೋಡಿ. ಹೊಸದಕ್ಕೆ 200 ಡಿಗ್ರಿ ದಾಟಿರುವುದು ಹತ್ತಾರು ಡಿಗ್ರಿ ಕುಸಿದಿದ್ದರೆ ಪೆಟ್ರೋಲ್ ಇದೆ ಎಂದೇ ಅರ್ಥ. ಎಷ್ಟಿದೆ ಎಂದು ನಿಖರವಾಗಿ ಬೇಕಿದ್ದರೆ ಗ್ಯಾಸ್ ಕ್ರೊಮ್ಯಾಟೊಗ್ರಫಿಯ ಎಎಸ್‌ಟಿಎಂ ಡಿ 3525 ವಿಧಾನದಲ್ಲಿ ಮಾಡಿಕೊಡಿ ಎಂದು ಕೇಳಿ. ಶೇ 2ರೊಳಗೆ ನಿಶ್ಚಿಂತೆ. 4, 5 ದಾಟಿದ್ದರೆ ಬದಲಿಸುವ ಅವಧಿಯನ್ನು ಅರ್ಧಕ್ಕೆ ಇಳಿಸಬೇಕು, ಇಂಜೆಕ್ಟರ್ ಸೋರುತ್ತಿದೆಯೇ ಎಂದೂ ನೋಡಿಸಬೇಕು.

ಇಲ್ಲಿ ಎಂಜಿನ್ ಸಂಕೇತದ ಕೊನೆಯ ಅಕ್ಷರ ಒಂದು ಸುಳಿವು ಕೊಡುತ್ತದೆ. ಹೈರೈಡರ್, ಗ್ರ್ಯಾಂಡ್ ವಿಟಾರಾದ 1.5 ಲೀಟರ್ ಎಂಜಿನ್ ಎಂ15ಡಿ-ಎಫ್‌ಎಕ್ಸ್‌ಇ. ಇ ಎಂದರೆ ಪೆಟ್ರೋಲ್ ಸಿಲಿಂಡರ್ ಹೊರಗಿನ ಪೋರ್ಟ್‌ಗೆ ಚಿಮ್ಮುತ್ತದೆ. ಹೈಕ್ರಾಸ್‌ನ 2 ಲೀಟರ್ ಎಂಜಿನ್ ಎಂ20ಎ-ಎಫ್‌ಎಕ್ಸ್‌ಎಸ್. ಎಸ್ ಎಂದರೆ ನೇರ ಸಿಲಿಂಡರ್ ಒಳಗೂ ಚಿಮ್ಮುತ್ತದೆ. ನೇರ ಚಿಮ್ಮುವ ಎಂಜಿನ್‌ನಲ್ಲಿ ಪೆಟ್ರೋಲ್ ಆಯಿಲಿಗೆ ಇಳಿಯುವ ಸಂಭವ ಹೆಚ್ಚು.

ಸಿಲಿಕಾನ್ ಮತ್ತು ಅಲ್ಯೂಮಿನಿಯಂ ಎರಡೂ ಒಟ್ಟಿಗೆ ಏರಿದ್ದರೆ ಏರ್ ಫಿಲ್ಟರ್ ಮೂಲಕ ಧೂಳು ನುಗ್ಗಿದೆ. ಹೊಸ ಕಾರಿನಲ್ಲಿ ಸಿಲಿಕಾನ್ ಒಂದೇ ಹೆಚ್ಚಿದ್ದರೆ ಅದು ಗ್ಯಾಸ್ಕೆಟ್ ಅಂಟಿನದ್ದು, ಎರಡು ಮೂರು ಬದಲಾವಣೆಯಲ್ಲಿ ತಾನೇ ಇಳಿಯುತ್ತದೆ. ಮಾಲಿಬ್ಡಿನಮ್ ನೂರಾರು ಪಿಪಿಎಂ ಕಂಡರೆ ಎಂಜಿನ್ ಸವೆದದ್ದಲ್ಲ, ಆಯಿಲಿಗೆ ಬೆರೆಸಿದ ಸೇರ್ಪಡೆ. ಹೊಸ ಆಯಿಲಿನ ವರದಿ ಪಕ್ಕದಲ್ಲಿದ್ದರೆ ಈ ಗೊಂದಲವೇ ಇಲ್ಲ. ಸೋಡಿಯಂ, ಪೊಟ್ಯಾಸಿಯಂ ಹೊಸ ಆಯಿಲಿನಲ್ಲಿ ಇಲ್ಲದ್ದು ಹಳೆಯದರಲ್ಲಿ ಕಂಡರೆ ಮಾತ್ರ ಎದ್ದು ಕೂರಬೇಕು, ಕೂಲೆಂಟ್ ಒಳಗೆ ಬರುತ್ತಿದೆ. 2009ರಿಂದ 2015ರವರೆಗಿನ ಪ್ರಿಯಸ್‌ನಲ್ಲಿ ಹೊಗೆಯ ಒಂದು ಪಾಲನ್ನು ತಣಿಸಿ ಎಂಜಿನ್‌ಗೆ ಮರಳಿಸುವ ಇಜಿಆರ್ ಕೂಲರ್ ಮಸಿಯಿಂದ ಕಟ್ಟಿಕೊಂಡು ಹೆಡ್ ಗ್ಯಾಸ್ಕೆಟ್ ಹೋಗುವುದು ಬಲ್ಲವರಿಗೆಲ್ಲ ಗೊತ್ತಿರುವ ರೋಗ. ಬೆಳಗಿನ ಹೊತ್ತು ಎಂಜಿನ್ ಗಡಗಡ ನಡುಗುವುದಕ್ಕೂ ಮೊದಲೇ ಈ ಎರಡು ಅಂಕಿಗಳು ಸೂಚನೆ ಕೊಡಬಲ್ಲವು. ಬೈಪಾಸ್ ಫಿಲ್ಟರ್ ಹಾಕಿದವರು ಇನ್ನೊಂದು ವಿಚಾರ ತಿಳಿಯಬೇಕು. ಲ್ಯಾಬ್ ಯಂತ್ರ ಲೆಕ್ಕ ಹಿಡಿಯುವುದು ಸುಮಾರು 5 ಮೈಕ್ರಾನ್‌ಗಿಂತ ಸಣ್ಣ ಲೋಹದ ಕಣಗಳನ್ನು. ಅವುಗಳಲ್ಲೇ ಒಂದಿಷ್ಟನ್ನು ಬೈಪಾಸ್ ಫಿಲ್ಟರ್ ಹಿಡಿದಿಟ್ಟುಕೊಳ್ಳುವುದರಿಂದ ಎಂಜಿನ್ ಸವೆಯುತ್ತಿದ್ದರೂ ವರದಿಯಲ್ಲಿ ಕಬ್ಬಿಣ ಕಡಿಮೆಯೇ ಕಾಣುತ್ತದೆ. ದೊಡ್ಡ ಚೂರುಗಳಂತೂ ಯಾರಿಗೂ ಕಾಣುವುದಿಲ್ಲ. ಹಳೆಯ ಫಿಲ್ಟರ್ ಎಲಿಮೆಂಟ್‌ನ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿದು ಮಿಣುಕು ಇದೆಯೇ ಎಂದು ಕಣ್ಣಾರೆ ನೋಡುವುದೇ ಅದಕ್ಕೆ ದಾರಿ.

ಮನೆಯಲ್ಲೇ ಮಾಡುವ ಕಾಗದದ ಮೇಲಿನ ಹನಿ ಪರೀಕ್ಷೆ ಡೀಸೆಲ್ ಮಸಿಗೆ ಸರಿ, ಪೆಟ್ರೋಲ್ ಹೈಬ್ರಿಡ್‌ಗೆ ಹೆಚ್ಚೇನೂ ಹೇಳುವುದಿಲ್ಲ. ಬಿಸಿ ತವೆಯ ಮೇಲೆ ಹನಿ ಹಾಕಿ ಚಟಪಟ ಕೇಳುವ ನೀರಿನ ಪರೀಕ್ಷೆಯನ್ನು ಪೆಟ್ರೋಲ್ ಬೆರೆತ ಆಯಿಲ್ ಜೊತೆ ಅಡುಗೆಮನೆಯ ಗ್ಯಾಸ್ ಒಲೆ ಮೇಲೆ ಮಾಡಲೇಬೇಡಿ.

ಘಟ್ಟ ಇಳಿಯುವವರಿಗೆ ಒಂದು ಮಾತು. ಆಗುಂಬೆ, ಚಾರ್ಮಾಡಿ ಇಳಿಯುವಾಗ ಅರ್ಧ ದಾರಿಯಲ್ಲೇ ಬ್ಯಾಟರಿ ತುಂಬುತ್ತದೆ. ಆಮೇಲೆ ಕಾರು ತನ್ನ ವೇಗ ತಡೆಯಲು ಪೆಟ್ರೋಲ್ ಇಲ್ಲದೆಯೇ ಎಂಜಿನ್ ತಿರುಗಿಸುತ್ತದೆ. ಜೋರು ಸದ್ದು ಕೇಳಿ ಹೆದರಬೇಕಿಲ್ಲ. ಆದರೆ ಆ ಹೊತ್ತಿನಲ್ಲಿ ಸಿಲಿಂಡರ್ ಒಳಗಿನ ಎಳೆತಕ್ಕೆ ರಿಂಗ್, ವಾಲ್ವ್ ಗೈಡ್‌ಗಳ ಸಂದಿನಿಂದ ಒಂದಿಷ್ಟು ಆಯಿಲ್ ಮೇಲೇರಿ ಉರಿದುಹೋಗುತ್ತದೆ. ಹಳೆಯ ಎಂಜಿನ್ ಆಗಿದ್ದರೆ ಘಟ್ಟದ ಪ್ರವಾಸ ಮುಗಿದ ಮೇಲೆ ಕಡ್ಡಿ ನೋಡಿ.

ಬದಲಿಸುವ ಅವಧಿಯ ಬಗ್ಗೆ ಎರಡೂ ಕಡೆಯ ತಪ್ಪು ನಡೆಯುತ್ತಿದೆ. ಊರೊಳಗೆ ಗಂಟೆಗೆ 20 ಕಿ.ಮೀ. ಸರಾಸರಿಯಲ್ಲಿ 10,000 ಕಿ.ಮೀ. ಓಡಿದ ಮಾಮೂಲಿ ಕಾರಿನ ಎಂಜಿನ್ 500 ಗಂಟೆ ದುಡಿದಿರುತ್ತದೆ. ಅರ್ಧ ಹೊತ್ತು ಬ್ಯಾಟರಿಯಲ್ಲಿ ಸಾಗುವ ಹೈಬ್ರಿಡ್‌ನದು 250 ಗಂಟೆ. ಹಾಗಾದರೆ ಆಯಿಲ್ ಅರ್ಧವೇ ಸವೆದಿದೆ, 20,000 ಓಡಿಸಬಹುದು ಎಂದು ಲೆಕ್ಕ ಹಾಕುವವರಿದ್ದಾರೆ. ಆ 250 ಗಂಟೆಗಳಲ್ಲಿ ಬಹುಪಾಲು ಆಯಿಲ್ ತಣ್ಣಗಿದ್ದ ಗಂಟೆಗಳು ಎಂಬುದನ್ನು ಅವರು ಮರೆಯುತ್ತಾರೆ. ಕೈಪಿಡಿಯಲ್ಲಿ ಕಿಲೋಮೀಟರ್ ಜೊತೆ ತಿಂಗಳನ್ನೂ ಬರೆದಿರುವುದು ಇದಕ್ಕೇ. ದಿನಕ್ಕೆ ಐದಾರು ಕಿ.ಮೀ. ಮಾತ್ರ ಓಡುವ ಕಾರಿಗೆ ಓಡೋಮೀಟರ್ ಏನೇ ಹೇಳಲಿ, ಆರು ತಿಂಗಳಿಗೆ ಬದಲಿಸುವುದು ನನ್ನ ಸಲಹೆ. ದಿನವೂ ತುಮಕೂರಿನಿಂದ ಬೆಂಗಳೂರಿಗೆ ಓಡಾಡುವ ಕಾರಿಗೆ ಕೈಪಿಡಿಯ ಅವಧಿಯೇ ಸಾಕು. ತೆಳು ಆಯಿಲ್ ಎಂಬ ಅಂಜಿಕೆಯಿಂದ 10ಡಬ್ಲ್ಯು-40 ಸುರಿಸಿಕೊಳ್ಳುವುದೂ ತಪ್ಪು. ಕೈಪಿಡಿ ಒಪ್ಪಿದ್ದರೆ 0ಡಬ್ಲ್ಯು-20ವರೆಗೆ ಹೋಗಬಹುದು, ಅದರಾಚೆ ಬೇಡ.

ಸರ್ವಿಸ್ ಸೆಂಟರ್‌ಗಳಲ್ಲಿ ನನ್ನದೊಂದು ವಿನಂತಿ. ಆಯಿಲ್ ಬಸಿಯುವ ಮೊದಲು ಕಡ್ಡಿಯಲ್ಲಿ ಮಟ್ಟ ಎಷ್ಟಿತ್ತು, ಮೇಲಿನ ಗುರುತಿಗಿಂತ ಮೇಲೋ ಕೆಳಗೋ ಎಂದು ಬಿಲ್ಲಿನಲ್ಲಿ ಒಂದು ಸಾಲು ಬರೆಯಿರಿ. ಹಾಕಿದ ಗ್ರೇಡ್, ಲೀಟರ್ ಲೆಕ್ಕವನ್ನೂ ಬರೆಯಿರಿ. ಮೂರೂವರೆ ಲೀಟರ್ ಹಿಡಿಯುವ ಎಂಜಿನ್‌ಗೆ ಡಬ್ಬಿಯಲ್ಲಿ ಉಳಿದದ್ದೇಕೆ ಎಂದು ನಾಲ್ಕೂ ಸುರಿಯುವ ರೂಢಿ ನಿಲ್ಲಬೇಕು. ಹೆಚ್ಚಾದ ಆಯಿಲನ್ನು ಕ್ರ್ಯಾಂಕ್ ಬಡಿದು ನೊರೆ ಮಾಡುತ್ತದೆ, ಪೆಟ್ರೋಲ್ ಸೇರಿ ಮಟ್ಟ ಏರಿದೆಯೇ ಎಂದು ತಿಳಿಯುವ ದಾರಿಯೂ ಮುಚ್ಚಿಹೋಗುತ್ತದೆ. ಕಾರು ತಯಾರಕರು ಎಂಜಿನ್ ಒಟ್ಟು ಓಡಿದ ಗಂಟೆ ಮತ್ತು ಚಾಲೂ ಆದ ಸಂಖ್ಯೆಯನ್ನು ಡ್ಯಾಶ್‌ಬೋರ್ಡ್‌ನಲ್ಲಿ ತೋರಿಸಬೇಕು. ಟ್ರ್ಯಾಕ್ಟರ್‌ಗೆ, ಜನರೇಟರ್‌ಗೆ ಗಂಟೆ ಮೀಟರ್ ಕೊಟ್ಟಿದ್ದಾರೆ, ಲಕ್ಷಾಂತರ ರೂಪಾಯಿಯ ಹೈಬ್ರಿಡ್‌ಗೆ ಏಕಿಲ್ಲ? ಬೈಪಾಸ್ ಫಿಲ್ಟರ್ ಮಾರುವವರು ‘ಆಯಿಲ್ ಬದಲಿಸಬೇಕಿಲ್ಲ’ ಎನ್ನುವುದಾದರೆ ಪೆಟ್ರೋಲ್ ಹೈಬ್ರಿಡ್‌ನಲ್ಲೇ ಮಾಡಿದ, ಪೆಟ್ರೋಲ್ ಬೆರಕೆಯ ಅಂಕಿಯಿರುವ ಲ್ಯಾಬ್ ವರದಿಯನ್ನು ಗಿರಾಕಿಯ ಕೈಗೆ ಕೊಡಬೇಕು. ಮನೆಯಲ್ಲೇ ಆಯಿಲ್ ಬದಲಿಸುವವರು ಹಳೆಯದನ್ನು ಚರಂಡಿಗೆ ಸುರಿಯದೆ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸುವ ಸರ್ವಿಸ್ ಸೆಂಟರ್‌ಗೆ ಕೊಡಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಈ ಆಯಿಲ್ ಬರುತ್ತದೆ. ಬಿಡಿ ಗಿರಾಕಿಗಳಿಂದಲೂ ಅದನ್ನು ತೆಗೆದುಕೊಳ್ಳುವಂತೆ ಪ್ರತಿ ಊರಿನ ಸರ್ವಿಸ್ ಸೆಂಟರ್‌ಗಳಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಸೂಚನೆ ಕೊಡಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ಓದುಗ, ಬೆಂಗಳೂರು